ತಾನಾಗಿ ಆರುವ ದೀಪ

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಯಾರನ್ನಾದರೂ ತರಾಟೆಗೆ ತೆಗೆದುಕೊಳ್ಳುತ್ತೇನೆ. ಈ ಸಲವೂ ಸ್ವಲ್ಪ ತೆಗೆದುಕೊಳ್ಳುವವನೇ. ಆದರೆ ಅದಕ್ಕೂ ಮೊದಲು ಒಬ್ಬರಿಗೆ ಕೈ ಮುಗಿಯುವುದಿದೆ.

ಬೀದಿಯವರೆಲ್ಲ ಅವರನ್ನು ಹಳದಿ ಮಾವ ಎನ್ನುತ್ತಾರೆ. ಕಾರಿನೊಳಗೆ ಏರ್‌ಬ್ಯಾಗಿಗೆ ಹೋಗುವ ತಂತಿಗಳ ಮೇಲೆ ಹಳದಿ ಹೊದಿಕೆ ಇರುತ್ತದೆ, ಗೊತ್ತಿಲ್ಲದವರು ಕೈ ಹಾಕದಿರಲಿ ಎಂದು. ಮಾವ ಕೈ ಹಾಕುವುದು ಅದಕ್ಕೇ. ಮೊದಲು ಕಾರುಗಳ ರೇಡಿಯೋ ರಿಪೇರಿ ಮಾಡುತ್ತಿದ್ದರು. ಒಮ್ಮೆ ರೇಡಿಯೋ ಬಿಚ್ಚಲು ಹೋಗಿ ಯಾವುದೋ ತಂತಿಗೆ ಟೆಸ್ಟರ್ ತಾಗಿಸಿದರು, ಪಕ್ಕದ ಸೀಟಿನ ಏರ್‌ಬ್ಯಾಗ್ ಸಿಡಿಯಿತು. ಎಡಗಿವಿ ಅಂದಿನಿಂದ ಅರ್ಧ ಸಂಬಳಕ್ಕೆ ಕೆಲಸ ಮಾಡುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಆ ತಂತಿಗಳಿಗೆ ದೊಡ್ಡ ನಮಸ್ಕಾರ ಹಾಕಿ ದೂರ ಸರಿಯುತ್ತಿದ್ದರು. ಮಾವನಿಗೆ ಹಟ ಹಿಡಿಯಿತು. "ನನ್ನ ಕಿವಿ ತಿಂದಿದ್ದು ಏನು ಅಂತ ನನಗೆ ಗೊತ್ತಾಗಬೇಡವಾ?" ಎಂದು ಈಗಲೂ ಕೇಳುತ್ತಾರೆ.

ಸಾಧು ಮನುಷ್ಯರೆಂದು ತಿಳಿಯಬೇಡಿ. ಬಾಯಿ ದೊಡ್ಡದು, ತಮ್ಮ ಕೆಲಸವನ್ನು ತಾವೇ ಹೊಗಳಿಕೊಳ್ಳುತ್ತಾರೆ, ಅರ್ಧ ಕಿವಿಯಿಂದಾಗಿ ಗಟ್ಟಿಯಾಗಿ ಬೇರೆ. ಒಂದು ವಿಷಯದಲ್ಲಿ ಮಾತ್ರ ಮಾತು ಕಡಿಮೆ. ಹಳದಿ ತಂತಿಯ ಕೆಲಸವಿದ್ದರೆ ಮೊದಲು ಎಲ್ಲರನ್ನೂ ಕಾರಿನಿಂದ ಇಳಿಸುತ್ತಾರೆ, ಬ್ಯಾಟರಿ ಕಳಚುತ್ತಾರೆ, ಅದನ್ನು ಕಳಚಲು ಬಳಸಿದ ಪಾನಾವನ್ನು, ಅಂದರೆ ಸ್ಪ್ಯಾನರನ್ನು, ತಮ್ಮ ಜೇಬಿಗೇ ಹಾಕಿಕೊಳ್ಳುತ್ತಾರೆ. ಆಮೇಲೆ ಸ್ಟೂಲಿನ ಮೇಲೆ ಕೂತು ಒಂದು ಲೋಟ ಟೀ. ಆ ಟೀ ಮುಗಿಯುವವರೆಗೆ ಯಾರೂ ಕಾರು ಮುಟ್ಟುವಂತಿಲ್ಲ. ಬ್ಯಾಟರಿ ತೆಗೆದರೂ ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದಂತೆ, ಅದು ಇಳಿಯಬೇಕು. ಸೋಮಾರಿಯೆಂದು ಬೈಯುವ ಗಿರಾಕಿಗಳಿದ್ದಾರೆ. ಮಾವ ಇನ್ನೂ ನಿಧಾನವಾಗಿ ಹೀರುತ್ತಾರೆ.

ನನ್ನ ಅಕ್ಕ ನಿವೃತ್ತ ಬಸ್ ಡ್ರೈವರ್. ಕೆಲಸ ಬಿಟ್ಟ ಮೇಲೆ ಅವಳು ಕೊಂಡದ್ದು ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಮನೆಯಲ್ಲಿ ಎಲ್ಲರೂ ಮೂಗು ಮುರಿದರು. "ಇಷ್ಟು ವರ್ಷ ಬಸ್ ತುಂಬಾ ಜನ ಹಿಂದೆ ನಿಂತು ತಲೆ ತಿಂದರು. ಇನ್ಮೇಲೆ ಒಬ್ಬರೇ ಕೂರಲಿ, ಅದೂ ನಾನು ಕರೆದವರು" ಅಂದಳು. ಅವಳು ಕರೆದದ್ದು ಭಾವನನ್ನು. ನೆಲಕ್ಕೆ ತಾಗಿದಂತಿರುವ ಆ ಸೀಟಿನ ಬಗ್ಗೆ ಭಾವನದು ಒಂದೇ ದೂರು: "ಕೂರೋಕೆ ಬರುತ್ತೆ, ಏಳೋಕೆ ಬರಲ್ಲ."

ಕೆಲವು ತಿಂಗಳ ನಂತರ ಹಾರನ್ ಸತ್ತಿತು. ಬಸ್ ಡ್ರೈವರಿಗೆ ಹಾರನ್ ಇಲ್ಲವೆಂದರೆ ಊಟಕ್ಕೆ ಉಪ್ಪಿಲ್ಲದ ಹಾಗೆ. ಅಂದೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾವನ ಅಂಗಡಿಗೆ ಓಡಿಸಿದಳು.

ಮಾವ ಸ್ಟೀರಿಂಗ್ ಮುಂದೆ ಕೂತು ಕೀ ತಿರುಗಿಸಿದರು, ಆದರೆ ಸ್ಟಾರ್ಟ್ ಮಾಡಲಿಲ್ಲ. ಮೀಟರಿನ ದೀಪಗಳೆಲ್ಲ ಹೊತ್ತಿಕೊಂಡವು. ಅವುಗಳಲ್ಲಿ ಕೂತ ಮನುಷ್ಯನ ಮುಂದೆ ಚೆಂಡಿಟ್ಟ ಹಾಗೆ ಕಾಣುವ ಕೆಂಪು ದೀಪ ಏರ್‌ಬ್ಯಾಗಿನದು. ಮಾವ ಅದನ್ನೇ ನೋಡುತ್ತ ಕೂತರು.

"ಹಾಳಾಗಿರೋದು ಹಾರನ್" ಅಂದಳು ಅಕ್ಕ.

"ಅದು ಕೇಳಿಸ್ತು. ಗಟ್ಟಿಯಾಗೇ ಹೇಳಿದ್ರಿ. ಅಮ್ಮಾ, ಈ ದೀಪ ದಿನಾ ಯಾವಾಗ ಆರುತ್ತೆ?"

"ಸ್ಟಾರ್ಟ್ ಆದ ಕೂಡಲೇ, ಎಲ್ಲಾ ದೀಪದ ಜೊತೆ. ನಾನು ನೋಡದೇ ಗಾಡಿ ತೆಗೆಯಲ್ಲ."

"ಅದೇ ತೊಂದರೆ. ಇದು ಎಲ್ಲರ ಜೊತೆ ಆರೋ ದೀಪ ಅಲ್ಲ. ಕೀ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಉರಿದು ತಾನಾಗೇ ಆರಬೇಕು. ಎಂಜಿನ್ ಸ್ಟಾರ್ಟ್ ಆಯ್ತೋ ಬಿಡ್ತೋ ಅದಕ್ಕೆ ಬೇಕಾಗಿಲ್ಲ. ನೋಡಿ, ಇನ್ನೂ ಉರೀತಾನೇ ಇದೆ."

ಸ್ಟಾರ್ಟ್ ಮಾಡಿದರು. ಬ್ಯಾಟರಿ ದೀಪವೂ ಏರ್‌ಬ್ಯಾಗ್ ದೀಪವೂ ಅವಳಿ ಮಕ್ಕಳಂತೆ ಒಂದೇ ಸಲ ಕಣ್ಣು ಮುಚ್ಚಿದವು.

"ಯಾರೋ ಇದರ ತಂತಿನ ಬ್ಯಾಟರಿ ದೀಪದ ಬಾಲಕ್ಕೆ ಕಟ್ಟಿದಾರೆ" ಅಂದರು ಮಾವ.

"ಹಾಗಾದ್ರೆ ಏರ್‌ಬ್ಯಾಗ್ ಇಲ್ವಾ?"

"ಇರಬಹುದು. ಗುದ್ದಿದಾಗ ಬರುತ್ತೆ ಅಂತ ಮಾತ್ರ ನಂಬಬೇಡಿ."

ಅಕ್ಕ ಪಕ್ಕದ ಸೀಟಿನ ಕಡೆ ನೋಡಿದಳು. ಅಷ್ಟು ತಿಂಗಳು ಪಕ್ಕದ ಸೀಟಿನಲ್ಲಿ ಕೂತಿದ್ದವನು ಭಾವ. ಕೆಟ್ಟಿದೆ ಎಂದು ಹೇಳುವ ದೀಪ ಇದ್ದಿದ್ದರೆ ಅವಳು ಅಂದೇ ಗಾಡಿ ನಿಲ್ಲಿಸುತ್ತಿದ್ದಳು. ಇಲ್ಲಿ ಯಾರೋ ಕೂತು, ಯೋಚನೆ ಮಾಡಿ, ತಂತಿ ಕತ್ತರಿಸಿ ಜೋಡಿಸಿ, ಆ ದೀಪಕ್ಕೆ ಸುಳ್ಳು ಹೇಳುವುದನ್ನು ಕಲಿಸಿದ್ದರು. ಅದಕ್ಕೂ ಶ್ರಮ ಬೇಕಲ್ಲ, ಸ್ವಾಮಿ. ಅಷ್ಟೇ ಶ್ರಮದಲ್ಲಿ ಕಾರು ಕೊಳ್ಳುವವರಿಗೆ ನಿಜ ಹೇಳಬಹುದಿತ್ತು.

ಬ್ಯಾಟರಿ ಕಳಚಿತು, ಪಾನಾ ಜೇಬಿಗೆ ಹೋಯಿತು, ಟೀ ಮುಗಿಯಿತು. ಮಾವ ಮೀಟರಿನ ಡಬ್ಬಿ ಬಿಚ್ಚಿ ಹಿಂದೆ ಟಾರ್ಚ್ ಬಿಟ್ಟರು. ಬಾಯಲ್ಲಿ ಏನೋ ಹಾಡು ಗುನುಗುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

ಬಾಲ ಕಟ್ಟಿದ ಜಾಗದಲ್ಲಿ ಕಪ್ಪು ಟೇಪು ಸುತ್ತಿತ್ತು. ಅದರ ತುದಿಯನ್ನು ಚಿಕ್ಕ ಕಿವಿಯ ಹಾಗೆ ಮಡಚಿ ಬಿಟ್ಟಿದ್ದರು, ಮುಂದೆ ಬಿಚ್ಚುವವರಿಗೆ ಉಗುರು ಹಾಕಿ ಕೆರೆಯುವ ಕಷ್ಟ ಬೇಡವೆಂದು. ಆ ಮಡಿಕೆ ಮಾವನದೇ ಕಲ್ಪನೆ. ಅವರು ಅದನ್ನು ಕಲಿಸಿದ್ದು ಒಬ್ಬನಿಗೇ, ತಮ್ಮನಿಗೆ. ಎದುರುಗಡೆ ಸ್ಟೀರಿಂಗ್, ಬ್ರೇಕ್ ಕೆಲಸದ ಗ್ಯಾರೇಜು ಅವನದು. ಮಾವನ ಅಂಗಡಿಯ ಮೇಲಿನ ಮನೆಯಲ್ಲಿ ಇಬ್ಬರ ಸಂಸಾರ, ವಯಸ್ಸಾದ ತಾಯಿ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ.

ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ಗೊತ್ತಿದ್ದದ್ದು ಮಾವ ಒಬ್ಬರಿಗೇ. ಹೇಳಿದರೆ ತಮ್ಮನ ಹೆಸರು ಬೀದಿಪಾಲು, ಮೇಲಿನ ಮನೆಯಲ್ಲಿ ಎರಡು ಒಲೆ. ಹೇಳದಿದ್ದರೆ ಏನೂ ಆಗುತ್ತಿರಲಿಲ್ಲ. ಟೇಪು ಕಿತ್ತು ಕಸದ ಡಬ್ಬಿಗೆ ಹಾಕಿ, "ಯಾರೋ ಕಳ್ಳ ಮಾಡಿದಾನೆ" ಅಂದಿದ್ದರೆ ಅಕ್ಕ ನಂಬುತ್ತಿದ್ದಳು. ನಾನೂ ಆ ಕಾಣದ ಕಳ್ಳನನ್ನು ಬೈದು ಒಂದು ಅಂಕಣ ಬರೆದು ಹಾಯಾಗಿ ಮಲಗುತ್ತಿದ್ದೆ.

ಮಾವ ಟಾರ್ಚ್ ಹಿಡಿದುಕೊಂಡೇ ಅಕ್ಕನನ್ನು ಹತ್ತಿರ ಕರೆದರು. "ಅಮ್ಮಾ, ಇಲ್ಲಿ ನೋಡಿ. ಇದು ನಮ್ಮ ಮನೆಯವರ ಕೈ. ನನ್ನ ತಮ್ಮನದು." ಮೊದಲ ಸಲ ಅವರ ದನಿ ಸಣ್ಣದಾಗಿ ಕೇಳಿಸಿತು. ನಂತರ ಬೀದಿಗೆ ತಿರುಗಿ ಅವನನ್ನು ಕೂಗಿದ್ದು ಮಾತ್ರ ಎಂದಿನ ದನಿಯಲ್ಲೇ.

ಕೈ ಒರೆಸಿಕೊಳ್ಳುತ್ತ ತಮ್ಮ ಬಂದ. ಕೆಂಪು ಕಾರು ನೋಡಿದ, ಬಿಚ್ಚಿಟ್ಟ ಮೀಟರ್ ನೋಡಿದ, ಒರೆಸುವುದನ್ನು ನಿಲ್ಲಿಸಿದ.

"ಅಣ್ಣ, ಆಮೇಲೆ ಮಾತಾಡೋಣ."

"ಆಮೇಲೆ ಅನ್ನೋದಿಲ್ಲ. ಈ ಗಾಡಿ ಓಡಿಸ್ತಿರೋದು ಇವರು. ನನಗಲ್ಲ, ಇವರಿಗೆ ಹೇಳು."

ಅವನು ನೆಲ ನೋಡುತ್ತ ಹೇಳಿದ. ಅಕ್ಕ ಕೊಳ್ಳುವ ಮೊದಲು ಈ ಕಾರು ಒಬ್ಬ ವ್ಯಾಪಾರಿಯ ಬಳಿ ಇತ್ತು. ಸ್ಟೀರಿಂಗ್ ಬಿಗಿಯಾಗಿದೆಯೆಂದು ಇವನಿಗೆ ಕೊಟ್ಟಿದ್ದ. ಅಡಿಯಿಂದ ಸ್ಟೀರಿಂಗ್ ರಾಡು ಕಳಚುವಾಗ ಮೇಲಿನ ಸ್ಟೀರಿಂಗ್ ಚಕ್ರ ತಿರುಗದಂತೆ ಸೀಟ್ ಬೆಲ್ಟಿನಿಂದ ಕಟ್ಟಿಹಾಕಬೇಕು. ಕಟ್ಟುವುದನ್ನು ಮರೆತ. ಚಕ್ರದ ಹಿಂದೆ ಸುರುಳಿಯಾಗಿ ಸುತ್ತಿದ ತೆಳುವಾದ ಪಟ್ಟಿಯೊಂದು ಇರುತ್ತದೆ, ಗ್ಯಾರೇಜಿನವರು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಚಕ್ರ ಎತ್ತ ತಿರುಗಿದರೂ ಹಾರನ್ನಿಗೂ ಏರ್‌ಬ್ಯಾಗಿಗೂ ಅದರ ಮೂಲಕವೇ ಕರೆಂಟ್ ಹೋಗಬೇಕು. ಕಟ್ಟದೆ ಬಿಟ್ಟ ಚಕ್ರ ಕೈ ತಾಗಿ ಗಿರ್ರನೆ ತಿರುಗಿ ಪಟ್ಟಿ ಜಗ್ಗಿತು. ಏರ್‌ಬ್ಯಾಗಿನ ಎಳೆ ಅಂದೇ ಹರಿಯಿತು, ಹಾರನ್ನಿನ ಎಳೆ ಅಕ್ಕನ ಕೈಯಲ್ಲಿ ಈಗ ಹರಿದಿತ್ತು.

"ದೀಪ ಹತ್ಕೊಂಡ್ತು. ಹಳೇ ಗಾಡಿ, ಹೊಸ ಪಟ್ಟಿ ಎಲ್ಲೂ ಸಿಗಲ್ಲ. ಆ ವ್ಯಾಪಾರಿ ಇಲ್ಲೇ ನಿಂತಿದ್ದ, ದೀಪ ಆರಿಸು ಸಾಕು ಅಂದ."

"ಅವನು ಬಾವಿಗೆ ಹಾರು ಅಂದಿದ್ರೆ?" ಅಂದಳು ಅಕ್ಕ.

ಕೇಳಬೇಕಾದ ಪ್ರಶ್ನೆ ಕೇಳಿದವರು ಮಾವ. "ಇದೊಂದೇನಾ?"

"ಇನ್ನೂ ಇವೆ, ಅಣ್ಣ. ಅವನು ಬೇರೆ ಗಾಡಿಗಳನ್ನೂ ತಂದ. ನನಗೆ ಬರುತ್ತೆ ಅಂತ ಒಂದ್ಸಲ ಗೊತ್ತಾದ ಮೇಲೆ ಅವಕ್ಕೂ ಅದೇ ಮಾಡು ಅಂದ."

ನಾನು ರಸ್ತೆ ದಾಟಿ ಎದುರಿನ ಬೋರ್ಡು ಓದಲು ಹೊರಟಿದ್ದೆ. ಗ್ಯಾರೇಜಿನ ಹೆಸರು, ಆ ವ್ಯಾಪಾರಿಯ ಹೆಸರು, ಎರಡನ್ನೂ ದಪ್ಪ ಅಕ್ಷರದಲ್ಲಿ ಹಾಕಿಸಬೇಕೆಂದು ಕೈ ಕಡಿಯುತ್ತಿತ್ತು. ಮಾವ ನೋಡಿದರು. "ಬರೀರಿ, ಬೇಡ ಅನ್ನಲ್ಲ. ಆದ್ರೆ ನಿಮ್ಮ ಪೇಪರ್ ಓದಿ ಇವನು ಬಾಗಿಲು ಹಾಕ್ಕೊಂಡು ಓಡಿಹೋದ್ರೆ ಆ ಗಾಡಿಗಳನ್ನ ಗುರುತು ಹಿಡಿಯೋರು ಯಾರು? ಇವನೇ ಹುಡುಕಬೇಕು. ಹುಡುಕಲಿ, ಆಮೇಲೆ ಇಬ್ಬರ ಹೆಸರೂ ಬರೀರಿ, ಇವನಿಗೆ ಕೆಲಸ ಕಲಿಸಿದ ನನ್ನದೂ ಸೇರಿಸಿ." ನಾನು ರಸ್ತೆ ದಾಟದೆ ಹಿಂದಿರುಗಿದೆ.

ಮಾವ ಬಾಲ ಕತ್ತರಿಸಿ ದೀಪದ ತಂತಿಯನ್ನು ಅದರ ಜಾಗಕ್ಕೆ ಸೇರಿಸಿದರು. ಈಗ ದೀಪ ಹತ್ತಿತು, ಆರಲೇ ಇಲ್ಲ. "ಶಹಬ್ಬಾಸ್. ಈಗ ನಿಜ ಹೇಳ್ತಿದೆ" ಎಂದು ಅದರ ಗಾಜನ್ನು ತಟ್ಟಿದರು. ತಮ್ಮ ಒಪ್ಪಿಕೊಂಡನೆಂದು ಪರೀಕ್ಷೆ ಬಿಡಲಿಲ್ಲ. ಏರ್‌ಬ್ಯಾಗ್ ಕಳಚಿ ದೂರದಲ್ಲಿ ಮುಖ ಮೇಲೆ ಮಾಡಿಟ್ಟು, ಅದರ ಜಾಗಕ್ಕೆ ಪರೀಕ್ಷೆಯ ಪ್ಲಗ್ ಚುಚ್ಚಿದರು. ಪೆಟ್ಟಿಗೆ ಏರ್‌ಬ್ಯಾಗೇ ಇದೆಯೆಂದು ನಂಬುವಂಥ ಪ್ಲಗ್ ಅದು. ದೀಪ ಆರಲಿಲ್ಲ, ದೂರು ಹಾಗೇ ಉಳಿಯಿತು. ಅದನ್ನೇ ಪಟ್ಟಿಯ ಕೆಳಗಿನ ತುದಿಗೆ ಚುಚ್ಚಿದಾಗ ದೂರು ಹೋಯಿತು. ಹರಿದದ್ದು ನಡುವಿನ ಪಟ್ಟಿಯೇ. ಪ್ರತಿ ಸಲವೂ ಬ್ಯಾಟರಿ ಕಳಚಿತು, ಪ್ರತಿ ಸಲವೂ ಟೀ ಬಂತು. "ಈ ಕಾರಿಗಿಂತ ಹೆಚ್ಚು ನೀವೇ ಕುಡಿದಿರಿ" ಅಂದಳು ಅಕ್ಕ.

ಪಟ್ಟಿ ತರುವ ಕೆಲಸ ತಮ್ಮನ ಪಾಲಿಗೆ ಬಂತು. ಗುಜರಿಗಳನ್ನೆಲ್ಲ ಜಾಲಾಡಿ, ಹಿಂದಿನಿಂದ ಜಜ್ಜಿಹೋದ ಅದೇ ಮಾದರಿಯ ಕಾರೊಂದರಿಂದ ಬಿಚ್ಚಿ ತಂದ. ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಸುದ್ದಿ ಹರಡಿತ್ತು. ತಮ್ಮನ ಹೆಂಡತಿ ಮಾವನ ಮುಂದೆ ಪಾತ್ರೆ ಕುಕ್ಕಿ ಇಡುತ್ತಿದ್ದಳು. ತಾಯಿ ಕರೆದು ಕೇಳಿದರಂತೆ, "ಒಡಹುಟ್ಟಿದವನನ್ನ ಬೀದೀಲಿ ನಿಲ್ಲಿಸಿದೆಯಂತಲ್ಲೋ."

"ನಿಲ್ಲಿಸಿದೆ ಅಮ್ಮ. ಪಕ್ಕದಲ್ಲಿ ನಾನೂ ನಿಂತಿದ್ದೆ."

ಒಲೆ ಇನ್ನೂ ಒಂದೇ ಇದೆ, ಪಾತ್ರೆಯ ಸದ್ದು ಮಾತ್ರ ಜಾಸ್ತಿ. "ಬಲಗಿವಿಗೂ ಅಷ್ಟಿಷ್ಟು ರಜ ಬೇಕಾಗಿತ್ತು" ಎಂದು ಮಾವ ನಕ್ಕರು. ನಗು ಪೂರ್ತಿ ಬರಲಿಲ್ಲ.

ಪಟ್ಟಿಯನ್ನು ಮುಂದಿನ ಗಾಲಿಗಳು ನೇರವಾಗಿದ್ದಾಗ ಸರಿಯಾಗಿ ನಡುವಿಗೆ ನಿಲ್ಲಿಸಿ ಕೂರಿಸಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ತಿರುವಿನಲ್ಲೇ ಮತ್ತೆ ಹರಿಯುತ್ತದೆ. ಅದನ್ನು ಕೂರಿಸಿದ್ದು ತಮ್ಮ, ನೋಡಿದ್ದು ಅಣ್ಣ. ಚಕ್ರಕ್ಕೆ ಸೀಟ್ ಬೆಲ್ಟ್ ಬಿಗಿಯಾಗಿ ಸುತ್ತಿತ್ತು. ಮಾವ ಕೀ ತಿರುಗಿಸಿದರು. ದೀಪ ಹತ್ತಿತು. ಎಂಜಿನ್ ಇನ್ನೂ ಮಲಗಿತ್ತು, ಬ್ಯಾಟರಿ ದೀಪ ಉರಿಯುತ್ತಲೇ ಇತ್ತು, ಏರ್‌ಬ್ಯಾಗ್ ದೀಪ ಮಾತ್ರ ತಾನಾಗಿ ಆರಿತು.

"ಈ ಬೀದಿಯಲ್ಲಿ ಈ ಕೆಲಸ ಮಾಡೋರು ಬೇರೆ ಯಾರಿದ್ದಾರೆ ತೋರಿಸಿ" ಎಂದು ಮಾವ ಎದೆ ಉಬ್ಬಿಸುವಷ್ಟರಲ್ಲಿ ಅಕ್ಕ ಒಳಗೆ ಕೂತು ಸೀಟು ಹಿಂದಕ್ಕೆ ಜಾರಿಸಿದಳು. ದೀಪ ಮತ್ತೆ ಹತ್ತಿತು.

"ಬೀದಿಯವರನ್ನ ಕರೀಲಾ?" ಅಂದಳು.

ಮಾವ ತಲೆ ಕೆರೆದುಕೊಂಡರು. ಸೀಟಿನಡಿಯ ಹಳದಿ ಪ್ಲಗ್ ಸಡಿಲವಾಗಿ, ಪಿನ್ನುಗಳಿಗೆ ಪಾಚಿಯಂಥ ಹಸಿರು ಹಿಡಿದಿತ್ತು. ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದ ಜಾಗವೇ ಅದು, ಜಂಬದಲ್ಲಿ ಮರೆತಿದ್ದರು. ಪಾನಾ, ಜೇಬು, ಟೀ. ಪಿನ್ನು ಬದಲಿಸಿ, ಸೀಟಿನ ಜೊತೆ ಜಗ್ಗದಂತೆ ತಂತಿಯನ್ನು ಕಟ್ಟಿದರು. ಅಕ್ಕ ಸೀಟನ್ನು ಮುಂದೆ ಹಿಂದೆ ಎಷ್ಟು ಎಳೆದರೂ ದೀಪ ಮಿಸುಕಲಿಲ್ಲ. ಆಮೇಲೆ ಹಾರನ್ ಒತ್ತಿದಳು. ಎದುರಿನ ಟೀ ಅಂಗಡಿಯವನು ಲೋಟ ಬೀಳಿಸಿದ.

ಆ ಏರ್‌ಬ್ಯಾಗ್ ಎಂದೂ ಉಬ್ಬದಿರಲಿ, ಅಕ್ಕ ಅದನ್ನು ಎಂದೂ ನೋಡದಿರಲಿ. ಮಾವನ ಕೆಲಸ ಕಣ್ಣಿಗೆ ಕಾಣದೆ ಸ್ಟೀರಿಂಗಿನ ಹೊಟ್ಟೆಯಲ್ಲೇ ಉಳಿಯಲಿ. ಹಾಗೆ ಉಳಿದರೆ ಅದಕ್ಕೆ ಯಾರೂ ಹಾರ ಹಾಕುವುದಿಲ್ಲವಾದ್ದರಿಂದ ನಾನು ಇಲ್ಲಿ ಬರೆಯುತ್ತಿದ್ದೇನೆ. ಕಾರು ಕೊಂಡವರ ಪ್ರಾಣಕ್ಕಿಂತ ತನ್ನ ಅವಸರ ದೊಡ್ಡದೆಂದುಕೊಂಡ ಆ ವ್ಯಾಪಾರಿಗೆ ಹೇಳುವುದು ಬಹಳ ಇದೆ. ಗಾಡಿಗಳೆಲ್ಲ ಸಿಕ್ಕ ಮೇಲೆ ಹೇಳುತ್ತೇನೆ, ಅವಸರವಿಲ್ಲ.

ಮಾವನ ತಮ್ಮ ಕೆಲವು ಗಾಡಿಗಳನ್ನು ಫೋನ್ ಮಾಡಿಯೇ ಪತ್ತೆ ಹಚ್ಚಿದ. ಅವು ಈಗ ಮಾವನ ಬಾಗಿಲಲ್ಲಿ ನಿಂತಿವೆ. ಒಬ್ಬ ಗಿರಾಕಿ ಅವನ ಕೊರಳಪಟ್ಟಿ ಹಿಡಿದ, ಮಾವ ಬಿಡಿಸಲಿಲ್ಲ, ದೂರವೂ ಹೋಗಲಿಲ್ಲ. ಇನ್ನು ಕೆಲವು ಕಾರುಗಳು ಕೈ ಬದಲಾಗಿದ್ದವು, ಮನೆ ಮನೆಗೆ ಹೋಗಿಯೇ ಕೇಳಬೇಕು. ಅವನದು ಇದ್ದದ್ದು ಒಂದು ಸೈಕಲ್ಲು.

"ಕಾರು ಹತ್ತು" ಅಂದಳು ಅಕ್ಕ.

"ಬೇಡ ಅಕ್ಕಾ. ನಿಮಗ್ಯಾಕೆ ತೊಂದರೆ."

"ನಿನ್ನ ಮೇಲಿನ ಪ್ರೀತಿಗಲ್ಲ. ಸೈಕಲ್ಲಲ್ಲಿ ಹುಡುಕೋ ಹೊತ್ತಿಗೆ ಯಾರಾದ್ರೂ ಗೋಡೆಗೆ ಗುದ್ದಿರ್ತಾರೆ. ಬೆಲ್ಟ್ ಹಾಕ್ಕೋ."

ಈಗ ಬೆಳಿಗ್ಗೆ ಹೊತ್ತು ಅವರಿಬ್ಬರದೂ ಅದೇ ಕೆಲಸ. ಅಕ್ಕ ಗೇಟಿನ ಮುಂದೆ ಬಸ್ ಸ್ಟಾಪಿನಲ್ಲಿ ನಿಲ್ಲಿಸಿದ ಹಾಗೆ ಕಾರು ನಿಲ್ಲಿಸುತ್ತಾಳೆ, ಇಳಿಯುವುದಿಲ್ಲ. ನಿನ್ನೆ ಬೂದು ಬಣ್ಣದ ಕಾರಿದ್ದ ಮನೆಯೊಂದರ ಮುಂದೆ ಅವನು ಬಹಳ ಹೊತ್ತು ಬೆಲ್ ಒತ್ತದೆ ನಿಂತನಂತೆ. ಅಕ್ಕ ಒಂದು ಸಲ ಹಾರನ್ ಬಾರಿಸಿದಳು. ಬಾಗಿಲು ತೆರೆದು, ಸೊಂಟದಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಹೊರಗೆ ಬಂದಳು.

"ಯಾರು ಬೇಕು?"

"ನಿಮ್ಮ ಗಾಡಿಗೆ ನಾನೊಂದು ತಪ್ಪು ಕೆಲಸ ಮಾಡಿದೀನಿ ಅಮ್ಮ" ಅಂದ ಅವನು. "ಸರಿ ಮಾಡೋವರೆಗೂ ಅದನ್ನ ಹೊರಗೆ ತೆಗೀಬೇಡಿ."