ಮುಷ್ಟಿಗಿಂತ ಮುಂಚೆ ಬಿದ್ದವನು

ಹೊಡೆದಾಟದ ಸಿನಿಮಾ ಕಂಡರೆ ನನಗೆ ಮೈಯೆಲ್ಲ ಉರಿ. ಹಾಗಿದ್ದೂ ಒಂದನ್ನೂ ಬಿಡುವವನಲ್ಲ. ಹೊಸದು ಬಂದ ಶುಕ್ರವಾರ ಕಂಬಂನಲ್ಲಿ ಬಸ್ಸು ಹತ್ತಿ ತೇನಿಗೆ ಹೋಗಿ ಮೊದಲ ಆಟ ನೋಡುತ್ತೇನೆ. ಹೊರಗೆ ಬಂದು, ಬೈಕ್ ನಿಲ್ಲಿಸುವ ಜಾಗದ ಗೋಡೆಗೆ ಒರಗಿ, ಫೋನಿನ ಮುಂದೆ ಹತ್ತು ನಿಮಿಷ ಬೈಯುತ್ತೇನೆ. ಆ ಬೈಗುಳವನ್ನು ಯೂಟ್ಯೂಬಿಗೆ ಹಾಕುತ್ತೇನೆ. ಹೊಟ್ಟೆಪಾಡಿಗೆ ಗೊಬ್ಬರದ ಅಂಗಡಿ ಇದೆ; ಇದು ಬರೀ ಸಿಟ್ಟಿಗೆ.

ಬೈಯದೆ ಇನ್ನೇನು ಮಾಡಲಿ? ಕತ್ತಿ ಹಿಡಿದು ಬಂದ ನೂರು ಜನ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಂತೆ ಸರದಿ ಕಾದು ಒಬ್ಬೊಬ್ಬರಾಗಿ ಒದೆ ತಿನ್ನುತ್ತಾರೆ. ನಾಯಕ ಬೆಂಕಿಯೊಳಗಿಂದ ನಿಧಾನವಾಗಿ ನಡೆದು ಬರುತ್ತಾನೆ, ಅಂಗಿಯ ಇಸ್ತ್ರಿ ಕೂಡ ಕೆಟ್ಟಿರುವುದಿಲ್ಲ. ಥ್ರಿಲ್ಲರ್ ಎಂದು ಹಣೆಪಟ್ಟಿ ಹಚ್ಚಿಕೊಂಡು ಬರುವವು ಇನ್ನೂ ದಂಡ. ಕೊಲೆಗಾರ ಯಾರೆಂದು ಇಂಟರ್ವಲ್ಲಿಗೆ ಮುಂಚೆಯೇ ಪಫ್ಸ್ ಮಾರುವವನಿಗೂ ಗೊತ್ತಿರುತ್ತದೆ. ಕೊನೆಯ ಇಪ್ಪತ್ತು ನಿಮಿಷ ಆ ಕೊಲೆಗಾರನೇ ಕುರ್ಚಿ ಎಳೆದುಕೊಂಡು ಕೂತು ತನ್ನ ಚಿಕ್ಕಂದಿನ ಕಷ್ಟ ಹೇಳುತ್ತಾನೆ. ನನಗೂ ಚಿಕ್ಕಂದಿನಲ್ಲಿ ಕಷ್ಟವಿತ್ತು, ನಾನು ಯಾರನ್ನೂ ಕೊಂದಿಲ್ಲ. ಭಾನುವಾರ ಹಳೆಯ ಸಿನಿಮಾಗಳ ಸರದಿ. ಜನ ಮೆಚ್ಚಿ ತಲೆಯ ಮೇಲೆ ಹೊತ್ತುಕೊಂಡವನ್ನೇ ಹುಡುಕಿ ತೆಗೆದು, ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ನಿಧಾನಗತಿಯಲ್ಲಿ ತೋರಿಸುತ್ತೇನೆ.

ನಮ್ಮ ಜನ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟೋ ತಲೆಮಾರುಗಳಾದವು. ಹೊರಗೆ ತಮಿಳು, ಮನೆಯೊಳಗೆ ಕನ್ನಡ. ಮನೆಮಾತನ್ನು ನಾವು ಹೆಚ್ಚಾಗಿ ಬಳಸುವುದು ಎದುರಿಗೆ ನಿಂತವನನ್ನು ಅವನ ಎದುರಿಗೇ ಬೈಯಲಿಕ್ಕೆ. ದ್ರಾಕ್ಷಿ ನೋಡಲು ದಿಂಡಿಗಲ್ಲಿನ ವ್ಯಾಪಾರಿ ತೋಟಕ್ಕೆ ಬಂದರೆ ನನ್ನಪ್ಪ ತಮಿಳಿನಲ್ಲಿ ಉಪಚಾರ ಮಾಡಿ, ಕೈಗೆ ಎಳನೀರು ಕೊಟ್ಟು, ಅದೇ ನಗುಮುಖದಲ್ಲಿ ಚಿಕ್ಕಪ್ಪನ ಕಡೆ ತಿರುಗಿ, “ಈ ನರಿ ಮೊಕ ನೋಡ್ಲಾ, ತೋಟನೇ ನುಂಗಾಕೆ ಬಂದದೆ” ಎನ್ನುತ್ತಿದ್ದ. ವ್ಯಾಪಾರಿಯೂ ನಗುತ್ತಿದ್ದ. ಆ ವಿದ್ಯೆಯನ್ನೇ ನಾನು ಫೋನಿನ ಮುಂದೆ ಇಟ್ಟೆ. ವಿಮರ್ಶೆಯೆಲ್ಲ ತಮಿಳಿನಲ್ಲಿ, ಬಾಯಿ ಹೊಲಸಾಗುವ ಹೊತ್ತಿಗೆ ಮನೆಮಾತು. ನೋಡುವವರಿಗೆ ಅರ್ಥವಾಗದಿದ್ದರೂ ಬೈಗುಳವೆಂದು ತಿಳಿಯುತ್ತಿತ್ತು. ಅದು ಯಾವ ಭಾಷೆ, ಇನ್ನೊಂದು ಸಲ ಬೈಯಿರಿ ಎಂದು ಕೇಳುತ್ತಿದ್ದರು. ನಮ್ಮವರ ಕೈಯಲ್ಲೂ ಫೋನಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಮನೆಮಾತಿನಲ್ಲಿ ಆಡಿದ್ದು ಹೊಸ್ತಿಲು ದಾಟುವುದಿಲ್ಲ ಎಂದು ಹುಟ್ಟಿದಾಗಿನಿಂದ ನಂಬಿದವರು ನಾವು.

ಮಗಳ ಕಿವಿ ಚುಚ್ಚುವ ದಿನ ಗೊತ್ತಾಗಿತ್ತು. ಇನ್ನು ಎಂಟು ದಿನ. ಆ ಭಾನುವಾರ ಒಂದು ಹಳೆಯ ಸಿನಿಮಾ ಹಿಡಿದೆ. ಅದರಲ್ಲಿ ನಾಯಕ ಸೇತುವೆಯ ಮೇಲಿಂದ ಓಡುವ ಲಾರಿಗೆ ಹಾರುತ್ತಾನೆ. ಆ ಹಾರಾಟ ಮಾತ್ರ ಸೊಗಸು. ಅಪರೂಪಕ್ಕೆ ಹೊಗಳಿದೆ, ಇಂಥ ಗಂಡಸು ಈಗಿನ ನಾಯಕರಲ್ಲಿ ಒಬ್ಬನಿದ್ದಾನೆಯೇ ಎಂದೆ. ಆಮೇಲೆ ಬಂತು ಅಕ್ಕಿಗಿರಣಿಯ ಹೊಡೆದಾಟ. ನಾಯಕನ ಮುಷ್ಟಿ ಇನ್ನೂ ಒಂದು ಗೇಣು ದೂರದಲ್ಲಿರುವಾಗಲೇ ಒಬ್ಬ ಗಡ್ಡದವನು ಕಣ್ಣು ಮೇಲೆ ಮಾಡಿ ದೊಪ್ಪೆಂದು ಬೀಳುತ್ತಾನೆ. ಅವನ ಮುಖ ನಿಲ್ಲಿಸಿ, ಕೆಂಪು ವೃತ್ತ ಎಳೆದು, ನಾಲ್ಕು ಸಲ ಬೀಳಿಸಿದೆ. ಐದನೆಯ ಸಲಕ್ಕೆ ಮನೆಮಾತಿಗೆ ಇಳಿದೆ: “ಕೂಲಿ ನಾಯಿ, ಬೀಳಾಕೂ ಬರಾಕಿಲ್ಲ. ಇವನ್ನ ಹೆತ್ತೋಳು ಏನ್ ತಿಂದು ಹೆತ್ತಳೋ.”

ಮಾರನೆಯ ಬೆಳಿಗ್ಗೆ ಹೆಂಡತಿ ಮಗುವಿಗೆ ಇಡ್ಲಿ ತಿನ್ನಿಸುತ್ತ ಅದನ್ನು ನೋಡುತ್ತಿದ್ದಳು. ಫೋನನ್ನು ಮಗ್ಗುಲಾಗಿಟ್ಟು, ಕೈ ತೊಳೆದುಕೊಂಡು ಬಂದಳು.

“ಏನ್ ತಿಂದು ಹೆತ್ತಳು ಅಂತ ಕೇಳಿದ್ರಲ್ಲ, ಹೇಳ್ತೀನಿ ಕೇಳಿ. ನಮ್ಮವ್ವ ರಾಗಿಕಳಿ ತಿಂದು ಹೆತ್ತಳು. ಅವ್ರು ನಮ್ಮಣ್ಣ.”

ಅವಳ ಅಣ್ಣ ಮದುವೆಗೆ ಮುಂಚೆ ಕೆಲವು ವರ್ಷ ಚೆನ್ನೈಯಲ್ಲಿದ್ದರೆಂದು ಕೇಳಿದ್ದೆ. ಸಿನಿಮಾ ಕಂಪನಿಯಲ್ಲಿ ಕೆಲಸ ಅಂದಿದ್ದರು. ವ್ಯಾನು ಓಡಿಸುತ್ತಿದ್ದರೇನೋ ಅಂದುಕೊಂಡಿದ್ದೆ. ಒದೆ ತಿನ್ನುವ ಕೆಲಸ ಎಂದು ಹೆಣ್ಣು ಕೊಡುವ ಮನೆಯವರು ಬಾಯಿಬಿಟ್ಟು ಹೇಳುತ್ತಾರೆಯೇ? ನಿಜ ಹೇಳಬೇಕೆಂದರೆ ಮೊದಲಿನಿಂದಲೂ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಕಲ್ಲುಗುಂಡಿನಂತೆ ಕೂರುತ್ತಿದ್ದರು. ನನ್ನ ಮಾತಿಗೆ ಇಡೀ ಬೀದಿ ನಕ್ಕರೂ ಅವರು ನಗುತ್ತಿರಲಿಲ್ಲ. ಗಡ್ಡ, ಬಳಿದ ಬಣ್ಣ, ಹರೆಯದ ಮೈ, ಇಷ್ಟರ ಕೆಳಗೆ ಆ ಕಲ್ಲುಗುಂಡು ಇದೆಯೆಂದು ನಾನು ಹೇಗೆ ಕಾಣಲಿ?

ನನ್ನ ಅವ್ವನಿಗೆ ವಿಷಯ ತಿಳಿದದ್ದೇ ಅವಳು ತಲೆ ಮೇಲೆ ಕೈ ಹೊತ್ತಳು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಅವನು ಸೀರು ಎಂಬ ತವರಿನ ಉಡುಗೊರೆ ತರಬೇಕು, ಬಟ್ಟೆ, ಹಣ್ಣು, ಓಲೆ. ನನ್ನ ಹೆಂಡತಿಗೆ ಇರುವುದು ಒಬ್ಬನೇ ಅಣ್ಣ. ಬೇರೆಯವರ ತೊಡೆ ನಡೆಯುವುದಿಲ್ಲ. ಮಾವ ಬರಲಿಲ್ಲವೆಂದರೆ ತವರು ಮುರಿದುಬಿತ್ತೆಂದೇ ಊರು ಲೆಕ್ಕ ಹಾಕುತ್ತದೆ. ಹೆಂಡತಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ.

“ನನಗಿರೋದು ಒಂದೇ ತವರು. ನೀವ್ ಹೋಗಿ ಕರೀರಿ” ಅಂದಳು ಅಷ್ಟೆ. ಅವಳು ಬೈದಿದ್ದರೆ ನಾನೂ ಬೈದು ಕೈ ತೊಳೆದುಕೊಳ್ಳುತ್ತಿದ್ದೆ.

ಅವರ ಊರು ಓಡೈಪಟ್ಟಿಗೆ ಹೋದೆ. ಅವರು ದ್ರಾಕ್ಷಿ ಚಪ್ಪರದ ಕೆಳಗೆ ಕತ್ತೆತ್ತಿ ನಿಂತು ಬಳ್ಳಿಯನ್ನು ತಂತಿಗೆ ಕಟ್ಟುತ್ತಿದ್ದರು. ಕ್ಷಮೆ ಕೇಳುವುದು ನನಗೆ ಹುಟ್ಟಿನಿಂದ ಬಾರದ ಕೆಲಸ. ತಪ್ಪಾಯಿತು ಮಚ್ಚಾನ್ ಎಂದೆ. ನಮ್ಮಲ್ಲಿ ಹೆಂಡತಿಯ ಅಣ್ಣ ಮಚ್ಚಾನ್, ತಂಗಿಯ ಗಂಡ ಮಾಪ್ಳೆ. ಅವರು ಬಳ್ಳಿ ಕಟ್ಟುತ್ತಲೇ ಇದ್ದರು. ಅದನ್ನು ಕಂಡು ನನ್ನ ಬಾಯಿ ಮತ್ತೆ ತುರಿಸಿತು.

“ಆದ್ರೂ ಮಚ್ಚಾನ್, ಏಟು ಬೀಳಾಕೆ ಮುಂಚೇನೇ ನೀವ್ ಬಿದ್ದದ್ದು ನಿಜ ತಾನೆ?”

ಇದನ್ನು ಕೇಳಲು ಅಷ್ಟು ದೂರ ಬಸ್ಸಿನಲ್ಲಿ ಹೋಗಿದ್ದೆ ನೋಡಿ. ಅವರು ಕೈ ಇಳಿಸಿ, ಮೊದಲ ಸಲ ನನ್ನ ಕಡೆ ತಿರುಗಿದರು.

“ಏಟು ಬಿದ್ರೆ ಹೀರೋ ಕೈಗೆ ನೋವಾಯ್ತದೆ, ಮಾಪ್ಳೆ. ಅವ್ನ ಕೈ ಊದ್ಕೊಂಡ್ರೆ ಸೂಟಿಂಗ್ ನಿಂತೋಯ್ತದೆ. ಅದ್ಕೇ ಮುಂಚೇನೇ ಬೀಳು ಅಂತ ನಮಗೆ ಹೇಳಿರ್ತಾರೆ. ಬೀಳದೆ ನಿಂತೋನಿಗೆ ಮಾರನೇ ದಿನ ಕೆಲಸ ಇಲ್ಲ.”

“ಹಂಗಂದ್ರೆ ಆ ಹೀರೋ ಸರಿ ಇಲ್ಲ” ಎಂದೆ, ಯಾರನ್ನಾದರೂ ಬೈಯಲೇಬೇಕಿತ್ತಲ್ಲ. “ಲಾರಿ ಮ್ಯಾಲೆ ಮಾತ್ರ ಚೆನ್ನಾಗಿ ಹಾರಿದ್ದ.”

“ಹಾರಿದ್ದೂ ನಾನೇ. ಅವ್ನ ಅಂಗಿ ಹಾಕ್ಕೊಂಡು ಹಾರಿದೆ.”

ಅಷ್ಟು ಹೇಳಿ ಮತ್ತೆ ಬಳ್ಳಿಗೆ ಕೈ ಹಾಕಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಒಂದೇ ವಿಡಿಯೋದಲ್ಲಿ ಒಬ್ಬನೇ ಮನುಷ್ಯನನ್ನು ಗಂಡಸು ಎಂದೂ ನಾಯಿ ಎಂದೂ ಕರೆದಿದ್ದೆ. ಕಂಬಂ ಬರುವವರೆಗೂ ಬಸ್ಸಿನಲ್ಲಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಜೊತೆಗೆ ಅವರ ಮೇಲೂ ಸಿಟ್ಟು ಬಂತು. ಎರಡು ಬೈದು ಕಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕಿವಿ ಚುಚ್ಚುವ ದಿನ ಕುಲದೇವರ ಗುಡಿಯ ಮುಂದೆ ಜಮಖಾನೆ ಹಾಸಿತ್ತು. ಅಕ್ಕಸಾಲಿಗ ಬಂದು ಅರ್ಧ ತಾಸು ಕಾದ. ನಮ್ಮ ನೆಂಟರು ನನ್ನ ಕಡೆ ನೋಡುವುದು, ಆಮೇಲೆ ರಸ್ತೆಯ ಕಡೆ ನೋಡುವುದು. ಅವರಲ್ಲಿ ಎಷ್ಟು ಜನ ಆ ವಿಡಿಯೋ ನೋಡಿದ್ದರೋ, ಎಲ್ಲರೂ ನೋಡಿದ್ದರೆಂದೇ ನನಗನ್ನಿಸಿತು. ಹೆಂಡತಿ ಮಗುವನ್ನು ಎತ್ತಿಕೊಂಡು ರಸ್ತೆಗೆ ಬೆನ್ನು ಹಾಕಿ ನಿಂತಿದ್ದಳು.

ಅವರು ಬಂದರು. ಹೆಂಡತಿ ಮಕ್ಕಳೊಂದಿಗೆ, ಸೀರಿನ ತಟ್ಟೆಗಳೊಂದಿಗೆ, ಒಂದೂ ಕಡಿಮೆಯಿಲ್ಲದಂತೆ ಬಂದರು. ಕೈಕಾಲು ತೊಳೆದು, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಗುವನ್ನು ತೊಡೆಗೆ ಹಾಕಿಕೊಂಡರು. ಅಕ್ಕಸಾಲಿಗ ತಂತಿ ಎತ್ತಿದಾಗ ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡು ಕಿವಿಯ ಹತ್ತಿರ ಏನೋ ಹೇಳಿದರು. ಒಂದು ಕಿವಿಯಾಯಿತು, ಮಗು ಕಿರುಚಿ ಅವರ ಅಂಗಿ ಹಿಡಿಯಿತು. ಇನ್ನೊಂದೂ ಆಯಿತು. ನನ್ನ ಹೆಂಡತಿ ಅಣ್ಣನ ಕಾಲಿಗೆ ಬಿದ್ದು, ಏಳದೆ ಅಲ್ಲೇ ಅತ್ತಳು.

ಎಲೆ ಹಾಕುವ ಗಡಿಬಿಡಿಯಲ್ಲಿ ನಾನು ಅವರ ಪಕ್ಕಕ್ಕೆ ಹೋದೆ. ಈ ಸಲ ಬಾಯಿ ಬಿಗಿಹಿಡಿದು ಒಂದೇ ಮಾತು ಹೇಳಿದೆ.

“ಮಚ್ಚಾನ್, ಆ ವಿಡಿಯೋ ಇವತ್ತೇ ತಗೆದಾಕ್ತೀನಿ.”

“ತಗೀಬೇಡ.”

ಅತ್ತು ಸಾಕಾಗಿ ನಿದ್ದೆಹೋಗಿದ್ದ ಮಗುವನ್ನು ಅವರು ನನ್ನ ತೋಳಿಗೆ ದಾಟಿಸಿದರು.

“ಅಷ್ಟು ವರ್ಷ ಅಷ್ಟು ಸಿನ್ಮಾ ಮಾಡಿದೆ, ಮಾಪ್ಳೆ. ಎಲ್ಲಾದ್ರಾಗೂ ಬೆನ್ನು, ಇಲ್ಲ ಕಾಲು. ನನ್ ಮೊಕ ಕಾಣೋದು ಅದೊಂದ್ರಾಗೇ. ಚಿತ್ರ ಇರ್ಲಿ. ನಿನ್ ಮಾತು ಮಾತ್ರ ತಗೆ.”

ಆಮೇಲೆ ತಮ್ಮ ಹೆಂಡತಿ ಮಕ್ಕಳನ್ನು ಊಟಕ್ಕೆ ಕೂರಿಸಿ, ತಾವು ಮಾತ್ರ ನಾನು ಹಾಕಿಸಿದ ಎಲೆಯ ಮುಂದೆ ಕೂರದೆ ಬಸ್ ನಿಲ್ದಾಣದ ಕಡೆಗೆ ನಡೆದರು.