ಎಲ್ಲಾರೂ ಒಪ್ಪಿದ ಸಭೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತೆ. ಪ್ರತಿ ಸಲವೂ ಚಹಾ ಬಂತು, ಕುಡಿದೆ, ಎದ್ದೆ. ಇವತ್ತು ಚಹಾ ಬೇಡವೆಂದು ಮನೆಯಲ್ಲಿ ಹೇಳಿಯೇ ಕೂತಿದ್ದೇನೆ.

ಇಳಕಲ್ಲಿನ ಹತ್ತಿರದ ನಮ್ಮ ಊರಲ್ಲಿ ನಾನು ಒಂದು ಅವಧಿ ಪಂಚಾಯಿತಿ ಸದಸ್ಯನಾಗಿದ್ದೆ. ನನಗಿಂತ ಮೊದಲಿನವನು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಊರ ಕೆಲಸ ನಿರ್ಧರಿಸುತ್ತಿದ್ದ. ಉಪ್ಪು ಒಯ್ಯಲು ಬಂದವರೂ ನಿಂತು ಅವನನ್ನು ಬೈದು ಹೋಗುತ್ತಿದ್ದರು. ನನಗೆ ಅದು ಶಿಸ್ತಲ್ಲ ಅನ್ನಿಸಿತು. ಮೇಜು ಹಾಕಿಸಿದೆ, ಖುರ್ಚಿ ತರಿಸಿದೆ, ಮೈಕು ಹಿಡಿದೆ. ಮೈಕು ನನ್ನ ಕೈಯಲ್ಲೇ ಇದ್ದುದರಿಂದ ಬೈಗುಳ ನಿಂತವು.

ಆಗ ಓಣಿಗೆ ಶುದ್ಧ ನೀರಿನ ಘಟಕ ಮಂಜೂರಾಯಿತು. ಅದು ಓಣಿಯ ತುದಿಯ ನೇಕಾರರ ಮನೆಗಳ ನಡುವೆ ಬರಲಿ ಎಂದು ಗಟ್ಟಿಯಾಗಿ ಕೇಳುತ್ತಿದ್ದವಳು ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಅವಳ ಮೊಣಕಾಲು ಹೋಗಿದ್ದವು. ದೂರದಿಂದ ನೀರು ಹೊರಲಾರಳು. ನನಗೋ ಅದು ನನ್ನ ಬಾಗಿಲ ಮುಂದೆಯೇ ಬೇಕಿತ್ತು, ನೀರಿಗೆ ಬಂದವರೆಲ್ಲ ನನಗೊಂದು ನಮಸ್ಕಾರ ಹೇಳಿ ಹೋಗಲಿ ಎಂದು.

ಸೆರಗಿನ ಎಳೆಗಳಿಗೆ ಸೀರೆಯ ಒಡಲಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ದಿನ ನೇಕಾರರು ಮಗ್ಗ ಬಿಟ್ಟು ಏಳುವುದಿಲ್ಲ. ಅರ್ಧಕ್ಕೆ ಎದ್ದರೆ ಎಲ್ಲ ಸಿಕ್ಕು. "ವೈನಿ, ಕೊಂಡಿ ಯಾವತ್ತ ಹಾಕ್ತೀರಿ?" ಎಂದು ಅಕ್ಕರೆಯಿಂದ ಕೇಳಿಕೊಂಡೆ. ಅದೇ ದಿನ ಸಭೆ ಕರೆದೆ.

ಬೆರಳಿಗೆ ರೇಷ್ಮೆ ಎಳೆ ಅಂಟಿಸಿಕೊಂಡೇ ಅವಳು ಕುಂಟುತ್ತ ಬಂದಾಗ, ನನ್ನ ಕಡೆಯ ನಾಲ್ಕು ಮಂದಿ ಸಹಿ ಹಾಕಿ, ಚಹಾ ಕುಡಿದು ಹೋಗಿಯಾಗಿತ್ತು.

"ಆತೇನ್ರಿ?"

"ಆತು. ಎಲ್ಲಾರೂ ಒಪ್ಪಿದ್ರು."

ಅವಳು ಖಾಲಿ ಖುರ್ಚಿಗಳ ಸಾಲು ನೋಡಿದಳು. "ಖರೇನ. ಒಂದೂ ಬಾಯಿ ಬಿಟ್ಟಿಲ್ಲ ನೋಡ್ರಿ."

ಅಂದಿನಿಂದ ಓಣಿಯಲ್ಲಿ ನನ್ನ ಹೆಸರೇ 'ಎಲ್ಲಾರೂ'. ಘಟಕ ನನ್ನ ಬಾಗಿಲಿಗೇ ಬಂತು, ನಮಸ್ಕಾರ ಬರಲಿಲ್ಲ. ಯಂತ್ರ ಕೆಟ್ಟಾಗಲೆಲ್ಲ ಹೆಂಗಸರು ನಸುಕಿಗೇ ಕದ ಬಡಿಯುತ್ತಾರೆ: "ಎಲ್ಲಾರೂ ಎದ್ದಾರೇನ್ರಿ?" ಸದಸ್ಯತ್ವ ಹೋಗಿ ವರ್ಷಗಳಾದರೂ ದೂರು ಕೇಳುವವನು ನಾನೇ.

ವೈನಿ ಇಂದಿಗೂ ಓಣಿಯ ತುದಿಯಿಂದ ನಡುನಡುವೆ ಕೂತು ದಣಿವಾರಿಸಿಕೊಂಡು ನೀರಿಗೆ ಬರುತ್ತಾಳೆ. ಮೊನ್ನೆ ಅವಳ ಕ್ಯಾನಿಗೆ ಕೈ ಹಾಕಿದೆ.

"ಬಿಡ್ರಿ ಮೈದುನರ, ಎಲ್ಲಾರೂ ಕೂಡಿ ಎತ್ತಿದ್ರ ನನಗೇನ್ ಉಳೀತು?"

ಸಾಲು ನಕ್ಕಿತು. ನಾನೂ ನಕ್ಕೆ, ಹೇಳಬೇಕಾದದ್ದನ್ನು ನಗೆಯ ಜೊತೆಗೇ ನುಂಗಿದೆ.

ಮೇಜಿಲ್ಲದೆ, ಮೈಕಿಲ್ಲದೆ, ಅವಳ ಮಗ್ಗದ ಪಕ್ಕ ನೆಲದ ಮೇಲೆ ಕೂತು ಬೈಸಿಕೊಳ್ಳಬೇಕು, ಅಷ್ಟೇ. ಊರಿಗೆಲ್ಲ ಉತ್ತರ ಕೊಟ್ಟ ನಾನು ತಪ್ಪಾಯಿತೆಂದು ಹೇಳದೆ ಉಳಿದಿರುವುದು ಒಬ್ಬಳಿಗೇ: ವೈನಿಗೆ.