ಬಿಜಾಪುರದ ಬುತ್ತಿ, ಬೊಬ್ರುವಾಡದ ಗಂಜಿ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆಯವರು ಕಾರವಾರದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕೆಳಗೆ ಹಾರಿ, ಹೊಟ್ಟೆ ಹಿಡಿದುಕೊಂಡು ಹೆದ್ದಾರಿಗೆ ಅಡ್ಡ ಓಡಿದರು. ಅಂದು ಕಾರವಾರದಲ್ಲಿ ಕೆಲಸವಿದ್ದು ನಾನೂ ಅದೇ ಬಸ್ಸಿನಲ್ಲಿದ್ದೆ. ಎದುರಿಗೆ ಅದಿರಿನ ಲಾರಿ. ಬ್ರೇಕಿನ ಕಿರುಚು, ಕೆಂಪು ಧೂಳು. ಧೂಳು ಇಳಿದಾಗ ಅವರು ಆಚೆ ಬದಿಯ ಪೊದೆಗೆ ನುಗ್ಗುತ್ತಿದ್ದರು. ಒಂದು ಚಪ್ಪಲಿ ಲಾರಿಯ ಗಾಲಿಯಡಿ ಇತ್ತು. ಈಗಲೂ ಬಟ್ಟೆ ಒಣಹಾಕುವಾಗ ಆ ಚಪ್ಪಲಿ ಕಣ್ಣಮುಂದೆ ಬರುತ್ತದೆ.

ಬಿಜಾಪುರದಿಂದ ಬಂದು ಎಂಟು ತಿಂಗಳಾಗಿತ್ತು. ನನಗೆ ಅಂಕೋಲಾದಲ್ಲಿ ಗ್ರಂಥಾಲಯದ ಕೆಲಸ, ಹಾಗಾಗಿ ಮನೆ ಅಲ್ಲೇ ಬೊಬ್ರುವಾಡದಲ್ಲಿ. ಅವರಿಗೆ ಕಾರವಾರದಲ್ಲಿ ಮಾಸ್ತರಿಕೆ. ನಮ್ಮ ಕಡೆ ದಾರಿ ಪಕ್ಕ ಹೊಲವಾದರೂ ಇರುತ್ತದೆ. ಇಲ್ಲಿ ಒಂದು ಬದಿ ಗುಡ್ಡ, ಒಂದು ಬದಿ ಸಮುದ್ರ. ಅವಸರವಾದವನು ಎಲ್ಲಿಗೆ ಹೋಗಬೇಕು?

ಬಂದ ತಿಂಗಳಿಗೇ ಶುರುವಾಗಿತ್ತು. ಒಂದು ವಾರ ಭೇದಿ, ಮರುವಾರ ಮಲಬದ್ಧತೆ, ಜೊತೆಗೆ ಹೊಟ್ಟೆಯುಬ್ಬರ.

"ಈ ಊರ ನೀರ, ಈ ಕುಚ್ಚಕ್ಕಿ ನನಗ ಒಗ್ಗವಲ್ದು. ಅವ್ವಗ ಬುತ್ತಿ ಕಳಸು ಅಂತ ಹೇಳು" ಎಂದರು. ಕುಚ್ಚಕ್ಕಿ ಎಂದರೆ ಭತ್ತ ಬೇಯಿಸಿ ಮಾಡಿದ ದಪ್ಪ ಕೆಂಪಕ್ಕಿ. ವಾರವಾರ ಬಸ್ಸಿನಲ್ಲಿ ಅತ್ತೆಯ ಗಂಟು ಬರತೊಡಗಿತು: ಕಟಕ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ, ಉಳ್ಳಾಗಡ್ಡಿ. ಬಸ್ಸಿಗೆ ಹೆದರಿ ಹಗಲೆಲ್ಲ ಉಪವಾಸ. ಸಂಜೆ ಎರಡು ಹೊತ್ತಿನದು ಒಮ್ಮೆಗೇ. ಹೊಟ್ಟೆ ಇನ್ನೂ ಕೆಟ್ಟರೆ ಇನ್ನಷ್ಟು ಬುತ್ತಿ! ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಪಕ್ಕದ ಮನೆಯ, ಮೀನು ಮಾರುವ ನಾಗಮ್ಮಕ್ಕ ನಕ್ಕರು: "ತಂಗೀ, ನಿಮ್ಮ ಮಾಸ್ತರು ನಮ್ಮ ಊರನ್ನೇ ಬೈತ್ರಲೆ? ಮೀನ ಮುಟ್ಟೂದಿಲ್ಲ, ಗಂಜಿ ಕುಡಿಯೂದಿಲ್ಲ. ತಿನ್ನೂದೆಲ್ಲಾ ನಿಮ್ಮೂರದ್ದೇ!"

ಲಾರಿಯ ಮರುದಿನ ಅವರನ್ನು ಡಾಕ್ಟರ ಬಳಿಗೆ ಎಳೆದೊಯ್ದೆ. ಜ್ವರ, ತೂಕ, ಮಲದಲ್ಲಿ ರಕ್ತ ಎಲ್ಲ ವಿಚಾರಿಸಿ, ಪರೀಕ್ಷೆ ಮಾಡಿಸಿ, ಡಾಕ್ಟರು ಐಬಿಎಸ್, ಅಂದರೆ ಕರುಳು ಕೆರಳುವ ತೊಂದರೆ ಎಂದರು. ಕರುಳಿನಲ್ಲಿ ಹುಣ್ಣಿಲ್ಲ, ಕರುಳಿಗೂ ಮಿದುಳಿಗೂ ಹೊಂದಾಣಿಕೆ ತಪ್ಪಿದೆ.

"ಹಂಗಂದ್ರ ಎಲ್ಲಾ ನನ್ನ ಕಲ್ಪನಾ ಏನ್ರೀ?"

"ಅಲ್ಲ ಮಾಸ್ತರೆ, ನೋವು ನಿಜವೇ. ಹೆದರಿಕೆ ಅದನ್ನ ಹೆಚ್ಚು ಮಾಡ್ತದೆ. ಉಪವಾಸ ಬೇಡ. ತಿಂದದ್ದು, ಆದದ್ದು ಎರಡೂ ಬರೆದಿಡಿ."

ಮೂರು ವಾರ ಬರೆದೆವು. ಹಸಿ ಉಳ್ಳಾಗಡ್ಡಿ, ರಂಜಕ ತಿಂದ ಮರುದಿನ ಅವಸರ. ನಾಗಮ್ಮಕ್ಕ ಕೊಟ್ಟ ಕುಚ್ಚಕ್ಕಿ ಗಂಜಿ ಕುಡಿದ ದಿನ ಹೊಟ್ಟೆ ಶಾಂತ. ಬರೆದದ್ದು ನೋಡಿ, ಇದು ಇವರೊಬ್ಬರ ಹೊಟ್ಟೆಯ ಲೆಕ್ಕ, ಎಲ್ಲರದ್ದೂ ಹೀಗಿರದು ಎಂದರು ಡಾಕ್ಟರು. ಮನೆಗೆ ಬಂದವರೇ ಇವರು ಸಿಡಿದರು.

"ನಮ್ಮವ್ವ ಕಳಿಸಿದ್ದು ನನಗ ವಿಷಾ ಏನು?"

"ಅವ್ವಂದಲ್ರೀ, ಉಳ್ಳಾಗಡ್ಡೀದು! ಆ ಲಾರಿ ಬ್ರೇಕ್ ಹತ್ತಿರಲಿಲ್ಲಂದ್ರ ನಾ ಅವ್ವಗ ಏನ್ ಹೇಳಬೇಕಿತ್ತು?"

ಆ ವಾರದ ಗಂಟನ್ನು ಅವರೇ ಎತ್ತಿ ಅಟ್ಟದ ಮೇಲಿಟ್ಟರು.

ಬೇಗ ಎದ್ದು, ಗಂಜಿ ಕುಡಿದು, ಪಾಯಖಾನೆಗೆ ಸಾಕಷ್ಟು ಹೊತ್ತು ಕೊಟ್ಟು, ಬಾಗಿಲ ಪಕ್ಕದ ಸೀಟು ಹಿಡಿಯುವುದು ರೂಢಿಯಾಯಿತು. ಆದರೂ ಬೆಳಗಿನ ಬಸ್ಸಿನ ಭಯಕ್ಕೆ ಅವರಿಗೆ ನಿದ್ದೆಯಿಲ್ಲ, ಲಾರಿಯ ಭಯಕ್ಕೆ ನನಗಿಲ್ಲ. ಮತ್ತೆ ಒಂದು ತಿಂಗಳು ಹೀಗೇ ಕಳೆಯಿತು. ಒಂದು ಭಾನುವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು; ಇಬ್ಬರೂ ನಡುವೆ ಒಮ್ಮೆಯೂ ಏಳದೆ ಮಲಗಿದ್ದೆವು.

ಗಂಜಿ ಕುಡಿಯುತ್ತಿದ್ದಾಗ ಅತ್ತೆಯ ಫೋನು. ಮಗ ಏನು ತಿಂದ ಎಂದು ಕೇಳಿದರು. ಇವರು ಗಂಜಿಯ ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟು, "ರೊಟ್ಟಿ ಉಂಡ್ನಿ ಅವ್ವಾ" ಎಂದರು.